ಮಕ್ಕಳ ಕೇಕು, ಗಿರಾಕಿ ಕೇಕು: ಒಂದೇ ಬೋಗುಣಿಯಲ್ಲಿ ಆಗ್ತದಾ?

ಹೋದ ಡಿಸೆಂಬರದಲ್ಲಿ ಒಂದೂವರೆ ಕೇಜಿ ಪೈನಾಪಲ್ ಕೇಕ್, ಯಾರದೋ ಷಷ್ಟಿಪೂರ್ತಿಗೆ, ಸಂಜೆ 5ಕ್ಕೆ ಬಂದು ಒಯ್ತೇವೆ ಅಂದಿದ್ರು. 4:20ಕ್ಕೆ ಫ್ರಿಜ್ ಬಾಗಿಲು ತೆಗೆದ್ರೆ ಕ್ರೀಮಿನ ನಟ್ಟನಡುವೆ ಒಂದು ತೂತು, ಕಿರುಬೆರಳು ಹೋಗುವಷ್ಟು, ಸ್ಪಾಂಜಿನ ತನಕ ಇಳಿದಿದೆ. ಮಗ ಬಾಗಿಲ ಸಂದಿಯಲ್ಲಿ ನಿಂತಿದ್ದ, ಐದು ವರ್ಷ ಅವನಿಗೆ, ಮೂಗಿನ ತುದಿಗೆ ಕ್ರೀಮು. ಒಂದು ಚೆರ್ರಿ ಇಟ್ಟು ಮುಚ್ಚಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಆದ್ರೆ ಎರಡು ದಿನದಿಂದ ಶೀತ ಆಗಿ ಮೂಗು ಸುರಿಸ್ತಿದ್ದ ಹುಡುಗನ ಬೆರಳು ಅದು, ಮನಸ್ಸು ಒಪ್ಪಲಿಲ್ಲ. ಮೇಲಿನ ಲೇಯರೇ ಪೂರಾ ತೆಗೆದು, ಮರುದಿನದ ಆರ್ಡರಿಗೆ ಅಂತ ಮಾಡಿಟ್ಟಿದ್ದ ಸ್ಪಾಂಜನ್ನ ಕುಯ್ದು ಹಾಕಿ, ಮತ್ತೆ ಕ್ರೀಮ್ ಬೀಟ್ ಮಾಡಿ ಬಳಿದು ಕೊಡುವಾಗ 5:50. ಅವರು ಹಾಲ್‌ನಲ್ಲಿ ಕೂತು ನಮ್ಮನೆ ಗಡಿಯಾರ ನೋಡ್ತಾ ಇದ್ರು.

ಶಿರಸಿಯಲ್ಲಿ ಮನೆಯಲ್ಲೇ ಕೇಕ್ ಮಾಡಿ ಕೊಡೂದಕ್ಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು, ನನ್ನ ತವರು ಕಾರವಾರ, ಅಲ್ಲಿ ಅಕ್ಕನೂ ಇದೇ ಕೆಲಸ ಮಾಡ್ತಾಳೆ, ನನಗೆ ಇಬ್ಬರು ಮಕ್ಕಳು ಅವಳಿಗೂ ಇಬ್ಬರು. ಹಾಗಾಗಿ ಗುರ್ತಿನವರು ಯಾರೇ "ನಾನೂ ಶುರು ಮಾಡ್ಲಾ, ಯಾವ ಓವನ್ ತಗೊಳ್ಲಿ" ಅಂತ ಕೇಳಿದ್ರೂ ನಾನು ಓವನ್ ಬಗ್ಗೆ ಕಡೆಗೆ ಹೇಳೂದು. ಮನೆಯಲ್ಲಿ ಮಕ್ಕಳಿದ್ರೆ ಮೊದಲು ನೋಡಬೇಕಾದ್ದು ಯಾವ ಹೊತ್ತಿಗೆ ಮಾಡ್ತೀರಿ, ಯಾರ ಕೈ ಅದಕ್ಕೆ ಬೀಳ್ತದೆ, ಎಂತ ಮಾಡಿ ಮಾರ್ತೀರಿ ಅನ್ನೂದು. ಈ ಮೂರರ ಮೇಲೆ ಓವನ್ನು, ಕ್ರೀಮು, ರೇಟು ಎಲ್ಲ ನಿಲ್ತದೆ.

ನಾನು ನೋಡಿದಂಗೆ ದಾರಿ ಮೂರು. ಮಕ್ಕಳನ್ನ ಜೊತೆಗೆ ಕೂರಿಸ್ಕೊಂಡೇ ಆರ್ಡರ್ ಕೇಕ್ ಮಾಡೂದು ಒಂದು. ಅವರು ಶಾಲೆಗೆ ಹೋದಾಗ ಅಥವಾ ಮಲಗಿದ ಮೇಲೆ ಮಾಡೂದು ಇನ್ನೊಂದು. ಮೂರನೇದು, ಮಾರೂ ಮಾಲನ್ನೇ ಬದಲಾಯಿಸಿ ಮಕ್ಕಳ ಕೈಗೆ ಒಗ್ಗೂದನ್ನೇ ಮಾಡೂದು. ಮೂರನ್ನೂ ಮಾಡಿ ನೋಡಿದ್ದೇನೆ, ಮೂರರಲ್ಲೂ ಒಂದೊಂದು ಸಲ ಅತ್ತಿದ್ದೇನೆ.

ಜೊತೆಗೇ ಮಾಡೂದು

ಇದು ಫೋಟೋದಲ್ಲಿ ಭಾರೀ ಚಂದ. ಸಣ್ಣ ಏಪ್ರನ್ ಹಾಕ್ಕೊಂಡ ಮಗು, ಗಲ್ಲಕ್ಕೆ ಮೈದಾ. ನಿಜವಾಗಿ ಹೇಳಬೇಕಂದ್ರೆ ಮಕ್ಕಳು ಮಾಡೂ ಕೆಲಸ ಬೇಕಾದಷ್ಟಿದೆ, ಆದ್ರೆ ಅದು ನಾವು ಕೊಡ್ಬೇಕು ಅಂದ್ಕೊಳ್ಳೂ ಕೆಲಸ ಅಲ್ಲ. ಎಲ್ಲರೂ ಮೊದಲು ಕೊಡೂದು ಹಿಟ್ಟು ಕಲಸೂದು. ಅದೇ ತಪ್ಪು. ಮೊಟ್ಟೆ ಇಲ್ಲದ ಕೇಕಿಗೆ ಮೊಸರು, ಅಡುಗೆ ಸೋಡಾ ಹಾಕ್ತೇವಲ್ಲ, ಹುಳಿ ಮತ್ತೆ ಸೋಡಾ ಸೇರಿದ ಕ್ಷಣದಿಂದಲೇ ಗ್ಯಾಸ್ ಏಳೂದಕ್ಕೆ ಶುರು, ಆ ಗುಳ್ಳೆ ಓವನ್ನಿನೊಳಗೆ ಇರಬೇಕು, ಬೋಗುಣಿಯಲ್ಲಿ ಅಲ್ಲ. ಮಗು ತನ್ನ ಸರದಿ, ತಮ್ಮನ ಸರದಿ, ಮತ್ತೆ ತನ್ನ ಸರದಿ ಅಂತ ಹತ್ತು ನಿಮಿಷ ತಿರುಗಿಸಿದ್ರೆ ಗ್ಯಾಸ್ ಅರ್ಧ ಅಲ್ಲೇ ಹೋಯ್ತು, ಮೇಲಿಂದ ಮೈದಾದ ಜಿಗುಟು ಎದ್ದು ಕೇಕ್ ರಬ್ಬರಿನ ಹಾಗೆ ಆಗ್ತದೆ. ಮೊಟ್ಟೆ ಬೀಟ್ ಮಾಡಿ ಏಳಿಸೂ ಸ್ಪಾಂಜ್ ಇನ್ನೂ ನಾಜೂಕು, ಅದರಲ್ಲಿ ಹಿಟ್ಟು ಮಡಚುವಾಗ ಒಂದೇ ಸಲ ಜೋರಾಗಿ ಕಲಸಿದ್ರೂ ನೊರೆ ಕೂತುಬಿಡ್ತದೆ.

ಹಾಗಾದ್ರೆ ಎಂತ ಕೊಡೂದು? ಮೂರು ನಾಲ್ಕು ವರ್ಷದವರಿಗೆ ಜರಡಿ. ಮೈದಾ ಕೋಕೋ ಜರಡಿ ಹಿಡಿಯೂದು ಅವರಿಗೆ ಆಟ, ನಮಗೆ ಮಳೆಗಾಲದಲ್ಲಿ ಅದು ಬೇಕೇ ಬೇಕು, ಜುಲೈನಲ್ಲಿ ಕೋಕೋ ಪುಡಿ ಐಸಿಂಗ್ ಸಕ್ಕರೆ ಎಲ್ಲ ಗಂಟು ಗಂಟಾಗಿರ್ತದೆ. ಟಿನ್ನಿನ ತಳ ಇಟ್ಟು ಬಟರ್ ಪೇಪರ್ ಮೇಲೆ ಗೆರೆ ಎಳೆಯೂದು ಐದು ವರ್ಷಕ್ಕೆ ಬರ್ತದೆ. ಆರು ಏಳಕ್ಕೆ ತೂಕದ ಮಷಿನ್. ಇದು ನನ್ನ ಮಗಳ ಸಾಮ್ರಾಜ್ಯ, ನಾನು ಮುಟ್ಟೂ ಹಾಗಿಲ್ಲ, ಬೋಗುಣಿ ಇಟ್ಟು ಸೊನ್ನೆ ಮಾಡಿ 125 ಗ್ರಾಂ ಬಂತು ಅಂದ್ರೆ ಬಂತು, 126 ಆದ್ರೆ ಚಿಟಿಕೆ ತೆಗೀತಾಳೆ. ಅವಳಿಗೆ ಲೆಕ್ಕ ಹಿಡಿಸಿದ್ದೂ ಹೀಗೇ. 6 ಇಂಚಿನ ಟಿನ್ನಿನ ಅಳತೆ ಗೊತ್ತು, 8 ಇಂಚಿಗೆ ಎಷ್ಟು ಹಾಕೂದು? ಎರಡೇ ಇಂಚು ತಾನೆ ಜಾಸ್ತಿ ಅಂತ ನಾನೇ ಮೊದಲ ವರ್ಷ ಸ್ವಲ್ಪ ಸೇರಿಸಿ ಚಪ್ಪಟೆ ಕೇಕ್ ಮಾಡಿದವಳು. 6 ಗುಣಿಸು 6 ಅಂದ್ರೆ 36, 8 ಗುಣಿಸು 8 ಅಂದ್ರೆ 64, ಹತ್ತಿರ ಹತ್ತಿರ 1.8 ಪಟ್ಟು ಹಿಟ್ಟು ಬೇಕು. ಮಗ್ಗಿ ಬಾಯಿಪಾಠ ಮಾಡು ಅಂದ್ರೆ ಓಡಿ ಹೋಗೂ ಹುಡುಗಿ ಇದನ್ನ ಪೆನ್ಸಿಲ್ ಹಿಡ್ಕೊಂಡು ಮಾಡ್ತಾಳೆ.

ಮೊಟ್ಟೆ ಒಡೆಯೂದು ಕೊಡ್ಬಹುದು, ಬೇರೆ ಬಟ್ಟಲಿಗೆ ಒಂದೊಂದಾಗಿ. ಚಿಪ್ಪು ಬಿದ್ರೆ ಆ ಒಂದೇ ಮೊಟ್ಟೆ ಹೋಯ್ತು, ಮತ್ತೆ ಸೋಪು ಹಾಕಿ ಕೈ. ಹ್ಯಾಂಡ್ ಬೀಟರ್ ಒಂಬತ್ತು ಹತ್ತು ವರ್ಷದ ನಂತ್ರ, ಉದ್ದ ಕೂದ್ಲು ಕಟ್ಟಿಸಿ, ನಾವು ಪಕ್ಕದಲ್ಲಿ ನಿಂತು. ಓವನ್ ಬಾಗಿಲು ಯಾವ ವಯಸ್ಸಿಗೂ ಬೇಡ, ಅದು ನನ್ನ ಹಠ.

ಆಮೇಲೆ ಬೋಗುಣಿ ನೆಕ್ಕೂದು. ಮೊಟ್ಟೆ ಇಲ್ಲ ಅಲ್ಲ, ನೆಕ್ಲಿ ಬಿಡು ಅಂತಾರೆ ಅಜ್ಜಿಯಂದಿರು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು ಅಂತ ಎಲ್ಲರಿಗೂ ಗೊತ್ತು, ಹಸಿ ಮೈದಾವೂ ಬೇಯಿಸದ ವಸ್ತುವೇ, ಅದರಲ್ಲೂ ಹೊಟ್ಟೆ ಕೆಡಿಸೂ ಬ್ಯಾಕ್ಟೀರಿಯಾ ಇರೂದು ಉಂಟು ಅನ್ನೂದು ಸುಮಾರು ಜನಕ್ಕೆ ತಿಳಿದಿಲ್ಲ. ನಮ್ಮನೆಯಲ್ಲಿ ನೆಕ್ಕಲಿಕ್ಕೆ ಕ್ರೀಮ್ ಬೋಗುಣಿ ಮಾತ್ರ, ಅದೂ ಕೇಕ್ ಡಬ್ಬಿಗೆ ಹೋದ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಮಾನ: ದುಡ್ಡು ಕೊಟ್ಟು ಆರ್ಡರ್ ಮಾಡಿದ ಕ್ರೀಮ್ ಕೇಕನ್ನ ಹತ್ತು ವರ್ಷದೊಳಗಿನ ಮಕ್ಕಳ ಜೊತೆ ಸೇರಿ ಮಾಡೂದು ಬೇಡ. ಬೇಯುವ ಮುಂಚಿನ ತಯಾರಿಗೆ ಅವರು ಬರಲಿ, ಬೆಂದ ಮೇಲೆ ಕೇಕು ನಮ್ಮದು. ಯಾಕಂದ್ರೆ ಓವನ್ನಿನಿಂದ ಹೊರಗೆ ಬಂದ ಮೇಲೆ ಬಿದ್ದ ಸೀನು, ಬೆರಳು, ಎಂಜಲು ಯಾವುದೂ ಮತ್ತೆ ಬೇಯೂದಿಲ್ಲ. ನಾನು ಈ ರೀತಿ ನಾಲ್ಕು ತಿಂಗಳು ಮಾಡಿದ್ದೆ, ಕೇಕಿಗಿಂತ ಹೆಚ್ಚಾಗಿ ನನ್ನ ದನಿ ಏರಿದ್ದೇ ನೆನಪು.

ಒಂದು ಬಿಟ್ಟು. ಕೇಕ್ ಮೇಲೆ ಕನ್ನಡದಲ್ಲಿ ಹೆಸರು ಬರೆಯೂದು. ಇಂಗ್ಲಿಷಿನಲ್ಲಿ ಬರೆಯೂದು ಎಳೆದ ಗೆರೆ, ಸುಲಭ, ಕನ್ನಡದಲ್ಲಿ ತಲೆಕಟ್ಟು, ಕೊಂಬು, ಒತ್ತು ಎಲ್ಲ ಬರಬೇಕು, ಪೈಪಿಂಗ್ ಬ್ಯಾಗ್ ಹಿಡಿದು "ಶ್ರೀಲಕ್ಷ್ಮೀ" ಬರೆದು ನೋಡಿ ಗೊತ್ತಾಗ್ತದೆ, ಕ್ಷ ಬರೆಯುವ ಹೊತ್ತಿಗೆ ಬ್ಯಾಗಿನ ಕ್ರೀಮು ಕೈಶಾಖಕ್ಕೆ ಕರಗಿರ್ತದೆ, ಮ ಒತ್ತು ಹಾಕಲಿಕ್ಕೆ ಜಾಗ ಇರೂದಿಲ್ಲ. ಮೂರನೇ ಕ್ಲಾಸಿನಲ್ಲಿ ಇದ್ದಾಗ ಮಗಳು ಕಾಗದದ ಮೇಲೆ ಟಿನ್ನಿನ ಸೈಜಿಗೆ ವೃತ್ತ ಎಳೆದು ಹೆಸರು ಬರೆದುಕೊಟ್ಟಳು, ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಬಿಡಬೇಕು ಅಂತ ಸಮೇತ. ಕಾಪಿಪುಸ್ತಕ ಬರೆಯೂ ಮಕ್ಕಳಿಗೆ ಅದು ನಮಗಿಂತ ಚಲೋ ಗೊತ್ತು. ಈಗಲೂ ಆ ಕೆಲಸ ಅವಳದ್ದೇ, ನಾನು ಪ್ಲಾಸ್ಟಿಕ್ ಶೀಟ್ ಕೆಳಗೆ ಆ ಕಾಗದ ಇಟ್ಟು ಚಾಕಲೇಟಿನಲ್ಲಿ ತಿದ್ದಿ, ಫ್ರಿಜ್‌ನಲ್ಲಿಟ್ಟು, ಎತ್ತಿ ಕೇಕ್ ಮೇಲೆ ಇಡ್ತೇನೆ.

ಬೇರೆ ಹೊತ್ತಿನಲ್ಲಿ ಮಾಡೂದು

ಇದರಲ್ಲೂ ಎರಡಿದೆ, ರಾತ್ರಿ ಮತ್ತು ಶಾಲೆ ಹೊತ್ತು. ಒಂದು ವರ್ಷ ಪೂರಾ ರಾತ್ರಿ ಮಾಡಿದೆ. 9:30ಕ್ಕೆ ಮಕ್ಕಳು ಮಲಗಿದ ಮೇಲೆ ಶುರು, ಮುಗಿಯುವಾಗ ಒಂದು ಗಂಟೆ, ಬೆಳಗ್ಗೆ ಆರಕ್ಕೆ ದೋಸೆ ಹಂಚು. ಕೇಕ್ ಚಲೋ ಬರ್ತಿತ್ತು. ನಾನು ಚಲೋ ಇರ್ತಿರಲಿಲ್ಲ. ಅದರ ಮೇಲೆ ಮಳೆಗಾಲ: ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಬಂದು ಮರ ಬಿದ್ರೆ ರಾತ್ರಿ ಹೋದ ಕರೆಂಟು ಬೆಳಗ್ಗೆಯೇ ಬರೂದು. ಮನೆ ಇನ್ವರ್ಟರ್ ಫ್ಯಾನು ಲೈಟಿಗೆ ಇರೂದು, 1500 ವ್ಯಾಟಿನ ಓಟಿಜಿಗೆ (ಕೇಕ್ ಬೇಯಿಸೂ ಕರೆಂಟ್ ಓವನ್) ಅಲ್ಲ.

ಅರ್ಧ ಬೆಂದಾಗ ಕರೆಂಟ್ ಹೋದ್ರೆ ಎಂತ ಮಾಡೂದು ಅಂತ ಕೇಳ್ತಾರೆ. ಬಾಗಿಲು ತೆಗೀಬೇಡಿ, ಅದೇ ಮೊದಲು. ನಡುಭಾಗ ಗಟ್ಟಿ ಆಗೂ ಹಂತ ದಾಟಿದ್ರೆ ಒಳಗಿನ ಬಿಸಿಗೇ ಸುಮಾರಾಗಿ ಬೇಯ್ತದೆ, ಮೊದಲ ಹದಿನೈದು ನಿಮಿಷದೊಳಗೆ ಹೋಯ್ತೋ, ಕೂತ ಕೇಕು ಏಳೂದಿಲ್ಲ, ಮನೆಯವರಿಗೆ ಕಸ್ಟರ್ಡ್ ಹಾಕಿ ತಿನ್ನಿಸಿ.

ಶಾಲೆ ಹೊತ್ತು ಎಷ್ಟೋ ಮೇಲು. ಸ್ಪಾಂಜ್ ಮಾತ್ರ ಹಿಂದಿನ ಸಂಜೆ ಬೇಯಿಸಿ ತಣಿಸಿ ಸುತ್ತಿ ಇಡೂದು (ಬಿಸಿ ಸ್ಪಾಂಜ್‌ಗಿಂತ ಒಂದು ರಾತ್ರಿ ಕೂತ ಸ್ಪಾಂಜು ಕುಯ್ಯಲಿಕ್ಕೆ ಚಲೋ, ಪುಡಿ ಉದುರೂದಿಲ್ಲ), ಬೆಳಗ್ಗೆ ಹತ್ತರಿಂದ ಒಂದರ ತನಕ ಕ್ರೀಮು, ಸಂಜೆ ಗಿರಾಕಿ ಬರುವಾಗ ಕೇಕು ಗಟ್ಟಿಯಾಗಿ ಫ್ರಿಜ್‌ನಲ್ಲಿ ಕೂತಿರ್ತದೆ. ಮಕ್ಕಳು ಸಣ್ಣವರು, ಆದ್ರೆ ಇಬ್ಬರೂ ಶಾಲೆಗೆ ಹೋಗ್ತಾರೆ ಅನ್ನೂವವರಿಗೆ ನಾನು ಹೇಳೂದು ಇದನ್ನೇ. ಅಕ್ಕ ಪೂರಾ ಈ ಪದ್ಧತಿ.

ತೊಂದ್ರೆ ಇಲ್ಲ ಅಂತಲ್ಲ. ಮನೆ ತುಂಬ ವೆನಿಲ್ಲಾ ವಾಸನೆ, ಮಕ್ಕಳು ಶಾಲೆ ಮುಗಿಸಿ ಬರ್ತಾರೆ, ಫ್ರಿಜ್ ಬಾಗಿಲಿಗೆ "ಮುಟ್ಟಬೇಡಿ" ಅಂತ ಚೀಟಿ. ಒಂದು ದಿನ ಮಗಳು ಬ್ಯಾಗ್ ಕೂಡ ಇಳಿಸದೆ ಕೇಳಿದಳು, "ಅಮ್ಮ, ನಿಂಗೆ ಆರ್ಡರ್ ಕೊಡ್ಬೇಕಂದ್ರೆ ನಾನು ಎಷ್ಟು ದುಡ್ಡು ಕೊಡ್ಬೇಕು?" ತಮಾಷೆಗೆ ಕೇಳಿದ್ದಲ್ಲ ಅದು. ಅವತ್ತಿಂದ ಆರ್ಡರ್ ಪುಸ್ತಕದಲ್ಲಿ ವಾರಕ್ಕೊಂದು ಸಾಲು ಅವರದ್ದು, ಗಿರಾಕಿಗೆ ಬರೆದ ಹಾಗೇ ಬರೆಯೂದು, ತೂಕ, ಫ್ಲೇವರ್, ತಾರೀಕು, ಅಡ್ವಾನ್ಸ್ ಎರಡು ರೂಪಾಯಿ. ಆ ಸಾಲಿನ ಮೇಲೆ ಬೇರೆ ಆರ್ಡರ್ ತಗೊಳ್ಳೂದಿಲ್ಲ. ಆ ಕೇಕಿಗೆ ಅವರು ಹಿಟ್ಟು ಎಷ್ಟು ಹೊತ್ತು ಬೇಕಾದ್ರೂ ತಿರುಗಿಸಲಿ, ನೀಲಿ ಬಣ್ಣ ಹಾಕಲಿ, ಕೂತು ಹೋಗಲಿ.

ಮಾಲನ್ನೇ ಬದಲಾಯಿಸೂದು

ಇದನ್ನ ಯಾರೂ ಯೋಚನೆ ಮಾಡೂದಿಲ್ಲ, ಕೇಕ್ ಬಿಸಿನೆಸ್ ಅಂದ್ರೆ ಕ್ರೀಮು ಗುಲಾಬಿ ಹೂವು ಅಂತಲೇ ತಲೆಯಲ್ಲಿ. ನನ್ನ ಸಂಪಾದನೆಯಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಡ್ರೈ ಕೇಕಿಂದು: ಜೋನಿಬೆಲ್ಲ (ನೀರಾಗಿರೂ ಬೆಲ್ಲ) ಬಾಳೆಹಣ್ಣಿನ ಕೇಕು, ರವೆ ತೆಂಗಿನಕಾಯಿ ಕೇಕು, ನಾನ್‌ಖಟಾಯ್.

ಲೆಕ್ಕ ಹೇಳ್ತೇನೆ, ನನ್ನ ಮನೆ ಲೆಕ್ಕ, ನಿಮ್ಮಲ್ಲಿ ಬೇರೆ ಇರಬಹುದು. ಒಂದು ಕೇಜಿ ಮೊಟ್ಟೆ ಇಲ್ಲದ ಕ್ರೀಮ್ ಕೇಕು 700ಕ್ಕೆ ಕೊಡ್ತೇನೆ, ಸಾಮಾನು 280, ಡಬ್ಬಿ ಬೋರ್ಡು 50, ಕರೆಂಟ್ 15, ಉಳಿಯೂದು 355, ಹಿಡಿಯೂ ಹೊತ್ತು ಮೂರು ತಾಸು. ಅದೇ ಬಾಳೆಹಣ್ಣಿನ ಕೇಕು 400 ಗ್ರಾಮಿನದು 180 ರೂಪಾಯಿ, ಒಂದು ಸಲಕ್ಕೆ ನಾಲ್ಕು ಟಿನ್ ಬೇಯ್ತದೆ, ಬಂದಿದ್ದು 720, ಸಾಮಾನು 300, ಪ್ಯಾಕಿಂಗ್ 40, ಕರೆಂಟ್ 15, ಉಳಿದಿದ್ದು 365, ಕೈಕೆಲಸ ಒಂದೂಮುಕ್ಕಾಲು ತಾಸು. ತಾಸಿನ ಲೆಕ್ಕಕ್ಕೆ ಒಂದು ಕಡೆ 118, ಇನ್ನೊಂದು ಕಡೆ 208. ಆದ್ರೆ ಪೂರಾ ಸತ್ಯ ಅಂದ್ರೆ ಕ್ರೀಮ್ ಕೇಕು ಮಾಡುವ ಮೊದಲೇ ಮಾರಿ ಹೋಗಿರ್ತದೆ, ಈ ನಾಲ್ಕನ್ನ ಮಾರಬೇಕು. ಮೊದಮೊದಲು ಸಂಜೆಗೆ ಎರಡು ಉಳೀತಿತ್ತು, ಅಕ್ಕಪಕ್ಕದವರಿಗೆ ಹಂಚಿ ಹೆಸರು ಬಂತು, ದುಡ್ಡು ಬರಲಿಲ್ಲ. ಹೋಮ್‌ಸ್ಟೇಯವರು ಸಿಕ್ಕಿದ ಮೇಲೆ ಸರಿ ಹೋಯ್ತು. ಶಿರಸಿ ಸುತ್ತ ಸಹಸ್ರಲಿಂಗ, ಯಾಣ ಅಂತ ಜನ ಬರ್ತಾರಲ್ಲ, ಸಂಜೆ ಚಾ ಜೊತೆ ಕೊಡಲಿಕ್ಕೆ ಅವರಿಗೆ ಕ್ರೀಮ್ ಇಲ್ಲದ ಕೇಕೇ ಬೇಕು, ಅದೂ ಇಲ್ಲಿಯ ರುಚಿ ಇರಬೇಕು.

ಜೋನಿಬೆಲ್ಲದ ಬಗ್ಗೆ ಎರಡು ಮಾತು, ಯಾಕಂದ್ರೆ ಬೇರೆ ಊರಿನ ರೆಸಿಪಿಯಲ್ಲಿ ಇದು ಇರೂದಿಲ್ಲ. ಅಚ್ಚುಬೆಲ್ಲದ ಅಳತೆಗೆ ಜೋನಿ ಹಾಕಿದ್ರೆ ಹಿಟ್ಟು ನೀರಾಗ್ತದೆ, ಹಾಲು ಕಡಿಮೆ ಮಾಡಬೇಕು. ಮೊದಲು ಸೋಸಿ, ಕಬ್ಬಿನ ಸಿಪ್ಪೆ ಕಸ ಇದ್ದೇ ಇರ್ತದೆ. ಅದರಲ್ಲಿ ಸ್ವಲ್ಪ ಹುಳಿ ಇರೂದರಿಂದ ಸೋಡಾ ಚಲೋ ಏಳ್ತದೆ. ಬೆಲ್ಲದ ಕೇಕು ಮೇಲೆ ಬೇಗ ಕಪ್ಪಾಗ್ತದೆ, ಹಾಗಾಗಿ 180 ಡಿಗ್ರಿ ಬೇಡ, 160ರಲ್ಲಿ ನಿಧಾನ ಬೇಯಿಸಿ. ಮಳೆಗಾಲದಲ್ಲಿ ಇಂಥ ತೇವದ ಕೇಕು ಮೂರನೇ ದಿನಕ್ಕೆ ಬೂಸ್ಟು ಹಿಡಿಯೂದು ಉಂಟು, ಬೇಸಿಗೆ ಲೇಬಲ್ಲನ್ನೇ ಜುಲೈನಲ್ಲಿ ಅಂಟಿಸಬೇಡಿ, ಎರಡು ದಿನ ಅಂತಲೇ ಬರೀರಿ.

ಮಕ್ಕಳ ಕೈ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರ್ತದೆ. ಕಪ್ಪಾದ ಪುಟ್ಟಬಾಳೆಹಣ್ಣು ಕಿವುಚೂದು. ನಾನ್‌ಖಟಾಯ್ ಉಂಡೆ ಕಟ್ಟಿ ಹೆಬ್ಬೆರಳಲ್ಲಿ ಒತ್ತೂದು, ಒಂದು ದೊಡ್ಡ ಒಂದು ಸಣ್ಣ ಆದ್ರೆ ಸಣ್ಣದು ಸೀದು ಹೋಗ್ತದೆ ಅಂತ ಅವರೇ ಕಲ್ತು ತೂಕ ಮಾಡಿ ಉಂಡೆ ಕಟ್ತಾರೆ ಈಗ. ಎಲ್ಲ ಬೇಯುವ ಮುಂಚಿನ ಕೆಲಸ, ಕೈ ತೊಳೆದಿದ್ರೆ ಸಾಕು. ಲೇಬಲ್ ಅಂಟಿಸೂದೂ ಅವರೇ.

ಈ ದಾರಿಯಲ್ಲಿ ಕಾರವಾರದ ಅಕ್ಕ ನನಗಿಂತ ಮುಂದೆ, ವರ್ಷದಲ್ಲಿ ಒಂದು ತಿಂಗಳು ಮಾತ್ರ. ಕ್ರಿಸ್ಮಸ್ ಹೊತ್ತಿಗೆ ಅಲ್ಲಿ ಪ್ಲಮ್ ಕೇಕ್ ಜೊತೆ ನೆವ್ರಿ, ದೋದೋಲ್, ಕುಲ್ಕುಲ್ ಅನ್ನೂ ಸಿಹಿತಿಂಡಿ ಎಲ್ಲ ಡಬ್ಬಿ ಲೆಕ್ಕದಲ್ಲಿ ಕೇಳ್ತಾರೆ. ಕುಲ್ಕುಲ್ ಅಂದ್ರೆ ಮೈದಾ ರವೆ ಕಾಯಿಹಾಲಿನ ಹಿಟ್ಟನ್ನ ಗೋಲಿಯಷ್ಟು ತಗೊಂಡು ಫೋರ್ಕ್ ಹಿಂಬದಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತೂದು, ಶಂಖದ ಹಾಗೆ. ಅವಳ ಮಕ್ಕಳು, ಕೇರಿಯ ಮಕ್ಕಳು, ಒಂದು ಮಧ್ಯಾಹ್ನಕ್ಕೆ ಎರಡು ಕೇಜಿ ಸುತ್ತಿ ಬಿಸಾಕ್ತಾರೆ, ಎಣ್ಣೆ ಹತ್ತಿರ ಅವಳೊಬ್ಬಳೇ. ಮಕ್ಕಳ ಜೊತೆ ಮಾಡಿ ಮಾರೂ ಕೆಲಸದಲ್ಲಿ ಇದಕ್ಕಿಂತ ಹೊಂದೂದು ನಾನು ಕಂಡಿಲ್ಲ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಒಂದೇ ಜಿಲ್ಲೆ, ಆದ್ರೆ ಅಕ್ಕನ ಅಡುಗೆಮನೆಯ ಸಲಹೆ ನನಗೆ ಆಗೂದಿಲ್ಲ, ನನ್ನದು ಅವಳಿಗೆ ಆಗೂದಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರ. (ಎತ್ತರದ ಊರಲ್ಲಿ ಸೋಡಾ ಕಡಿಮೆ ಹಾಕಿ ಅಂತ ವಿಡಿಯೋದಲ್ಲಿ ಹೇಳ್ತಾರಲ್ಲ, ಅದು ಸಾಧಾರಣ 900 ಮೀಟರ್ ದಾಟಿದ ಮೇಲಿನ ಮಾತು, ನಮಗೆ ಬೇಡ.) ವ್ಯತ್ಯಾಸ ಇರೂದು ಸೆಕೆಯಲ್ಲಿ. ಏಪ್ರಿಲ್ ಮೇನಲ್ಲಿ ಕಾರವಾರದಲ್ಲಿ ಮಧ್ಯಾಹ್ನ ಬಟರ್‌ಕ್ರೀಮ್ ಬಳಿದ್ರೆ ಅದು ಕೇಕಿನ ಮೇಲೆ ನಿಲ್ಲೂದಿಲ್ಲ, ಬೆಣ್ಣೆ ಅಲ್ಲಿಯ ಸೆಕೆಗೆ ಮೆತ್ತಗಾಗೇ ಇರ್ತದೆ. ಅಂಗಡಿಯ ಮಾಮೂಲಿ ಫ್ರೆಶ್ ಕ್ರೀಮ್ ಎರಡೂ ಊರಲ್ಲಿ ವ್ಯರ್ಥ, ಅದರಲ್ಲಿ ಕೊಬ್ಬು 25 ಪರ್ಸೆಂಟ್ ಆಸುಪಾಸು, ಏಳಲಿಕ್ಕೆ 30ರ ಮೇಲೆ ಬೇಕು. ಡೈರಿ ವಿಪ್ಪಿಂಗ್ ಕ್ರೀಮ್ ರುಚಿ ನಿಜಕ್ಕೂ ಚಲೋ, ಡಿಸೆಂಬರ್ ಜನವರಿ ಚಳಿಯಲ್ಲಿ ನಾನು ಬಳಸ್ತೇನೆ. ಉಳಿದ ತಿಂಗಳು ನಾನ್‌ಡೈರಿ (ಹಾಲಿನದಲ್ಲದ ಕ್ರೀಮು), ಹೊಗಳೂದಿಲ್ಲ, ನಾಲಿಗೆಗೆ ಜಿಡ್ಡು ಅಂಟ್ತದೆ, ಆದ್ರೆ ನಿಲ್ತದೆ. ಅಕ್ಕ ಕರಾವಳಿ ಬೇಸಿಗೆಗೆ ಗನಾಶ್ ಹಿಡಿದಿದ್ದಾಳೆ, ಡಾರ್ಕ್ ಚಾಕಲೇಟ್ ಎರಡು ಪಾಲು ಕ್ರೀಮ್ ಒಂದು ಪಾಲು, ವೈಟ್ ಆದ್ರೆ ಮೂರಕ್ಕೆ ಒಂದು. ಫಾಂಡಂಟ್ (ಸಕ್ಕರೆ ಹಿಟ್ಟಿನ) ಗೊಂಬೆ ಮಳೆಗಾಲದಲ್ಲಿ ಇಬ್ಬರೂ ಒಪ್ಪಿಕೊಳ್ಳೂದಿಲ್ಲ, ಸಕ್ಕರೆ ಗಾಳಿಯ ನೀರು ಎಳೆದು ಬೆವರ್ತದೆ, ಫ್ರಿಜ್‌ನಿಂದ ತೆಗೆದ ಹತ್ತು ನಿಮಿಷಕ್ಕೆ ಗೊಂಬೆಯ ಕಣ್ಣು ಕೆನ್ನೆಗೆ ಇಳಿದಿರ್ತದೆ.

ಮೊಟ್ಟೆ ವಿಚಾರವೂ ಬೇರೆ. ಅವಳಲ್ಲಿ ಮೊಟ್ಟೆ ಹಾಕಿದ್ದೇ ಬೇಕು ಅಂತಾರೆ. ನನ್ನಲ್ಲಿ ಹತ್ತರಲ್ಲಿ ಎಂಟು ಜನ ಮೊಟ್ಟೆ ಬೇಡ ಅಂತಾರೆ, ಅದರ ಮೇಲೆ "ಟಿನ್ನು, ಬೀಟರು ಎಲ್ಲ ಬೇರೆ ಅಲ್ಲ?" ಅಂತ ಮೆಲ್ಲಗೆ ಕೇಳ್ತಾರೆ. ಅದು ಬರೀ ರುಚಿಯ ಪ್ರಶ್ನೆ ಅಲ್ಲ, ನಂಬಿಕೆಯದ್ದು. ಎರಡು ಸೆಟ್ ಇಡ್ತೀರಿ ಅಂತಾದ್ರೆ ಎರಡೂ ಮಾಡಿ, ಜಾಗ ಇಲ್ಲ ಅಂದ್ರೆ ಒಂದನ್ನೇ ಆರಿಸಿ, ಸುಳ್ಳು ಮಾತ್ರ ಬೇಡ. ಮಕ್ಕಳು ಸಹಾಯ ಮಾಡೂ ಮನೆಯಲ್ಲಿ ಒಂದನ್ನೇ ಆರಿಸೂದು ಒಳ್ಳೇದು, ಯಾವ ಸಟ್ಟುಗ ಯಾವ ಡಬ್ಬಿಗೆ ಅಂತ ಅವರಿಗೆ ನೆನಪಿರೂದಿಲ್ಲ. ನಾನು ಇದೇ ಕಾರಣಕ್ಕೆ ಮೊಟ್ಟೆ ಕೇಕಿನ ಆರ್ಡರ್ ಬಿಟ್ಟೆ, ಮನೆಯಲ್ಲಿ ನಾವು ತಿನ್ನೂ ಕೇಕಿನ ಟಿನ್ ಬೇರೆ ಕಪಾಟಿನಲ್ಲಿ. ಲೇಬಲ್ಲಿನ ಮೇಲೆ ಮೊಟ್ಟೆ ಇಲ್ಲದ್ದಕ್ಕೆ ಹಸಿರು ಚುಕ್ಕೆ, ಮೊಟ್ಟೆ ಹಾಕಿದ್ದಕ್ಕೆ ಕಂದು ತ್ರಿಕೋನ.

ರಿಜಿಸ್ಟ್ರೇಷನ್ ಮಾಡಿಸದೆ ಶುರು ಮಾಡಬೇಡಿ. ಮನೆಯಲ್ಲಿ ಮಾಡಿ ಮಾರಿದ್ರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ನಮ್ಮಂಥ ಸಣ್ಣವರಿಗೆ ಬೇಸಿಕ್ ರಿಜಿಸ್ಟ್ರೇಷನ್ ಸಾಕು, ಆನ್‌ಲೈನ್ ಅರ್ಜಿ, ನಾನು ಮಾಡಿಸುವಾಗ ಫೀಸು ವರ್ಷಕ್ಕೆ 100 ರೂಪಾಯಿ. 14 ಅಂಕಿಯ ನಂಬರ್ ಬರ್ತದೆ, ಅದನ್ನ ಲೇಬಲ್ ಮೇಲೆ ಹಾಕಬೇಕು.

ಇನ್ನೊಂದು, ಇತ್ತೀಚೆಗೆ ಆರು ತಿಂಗಳ ಮಗುವಿಗೂ ಅರ್ಧ ಹುಟ್ಟುಹಬ್ಬ ಅಂತ ಕೇಕ್ ಕೇಳ್ತಾರೆ, ಸಕ್ಕರೆ ಬೇಡ ಜೇನುತುಪ್ಪ ಹಾಕಿ ಅಂತಾರೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡೂ ಹಾಗೇ ಇಲ್ಲ, ಬಾಟುಲಿಸಂ ಅನ್ನೂ ವಿಷದ ಕಾಯಿಲೆಯ ಅಪಾಯ ಇದೆ, ಬೇಯಿಸಿದ್ರೂ ಅದರ ಬೀಜಾಣು ಸಾಯೂದಿಲ್ಲ. ಆರ್ಡರ್ ಹೋದ್ರೆ ಹೋಗಲಿ.

ಕಡೆಗೂ ಓವನ್

ಕುಕ್ಕರಿನಲ್ಲಿ ಶುರು ಮಾಡಬಹುದಾ? ಮಾಡಬಹುದು, ನಾನೂ ಮಾಡಿದ್ದೆ. ಗ್ಯಾಸ್ಕೆಟ್, ಸೀಟಿ ತೆಗೆದು, ನೀರು ಹಾಕದೆ, ಒಳಗೆ ಸ್ಟ್ಯಾಂಡಿಟ್ಟು ಸಣ್ಣ ಉರಿ. ಕರೆಂಟ್ ಹೋದ್ರೂ ಚಿಂತೆ ಇಲ್ಲ. ಆದ್ರೆ ಒಂದು ಸಲಕ್ಕೆ ಒಂದೇ ಕೇಕು, ಮೇಲಿಂದ ಬಿಸಿ ಇಲ್ಲದ್ದಕ್ಕೆ ಬಣ್ಣ ಬರೂದಿಲ್ಲ, ಮಕ್ಕಳು ಓಡಾಡೂ ಮನೆಯಲ್ಲಿ ಮುಕ್ಕಾಲು ತಾಸು ಒಣ ಕುಕ್ಕರ್ ಉರಿ ಮೇಲೆ ಇಡೂದು ನನಗೆ ಹೆದರಿಕೆ. ವಾರಕ್ಕೆ ಒಂದು ಆರ್ಡರ್ ಇರೂ ತನಕ ಸಾಕು.

ಓಟಿಜಿ, ಕನ್ವೆಕ್ಷನ್ ಮೈಕ್ರೋವೇವ್ ಎರಡರಲ್ಲಿ ಮಾರಲಿಕ್ಕೆ ಆದ್ರೆ ಓಟಿಜಿಯೇ, ಅದೇ ದುಡ್ಡಿಗೆ ದೊಡ್ಡದು ಬರ್ತದೆ, ಮೇಲೆ ಕೆಳಗೆ ರಾಡು ಬೇರೆ ಬೇರೆ ಹಾಕಬಹುದು, ನಾಲ್ಕು ಸಣ್ಣ ಟಿನ್ ಒಟ್ಟಿಗೆ ಬೇಯ್ತದೆ. ಒಂದೇ ಒಂದು ವಿಷಯದಲ್ಲಿ ಮೈಕ್ರೋವೇವ್ ಮೇಲು: ಅದರ ಮೈ ಹೊರಗಿಂದ ಅಷ್ಟು ಸುಡೂದಿಲ್ಲ. ಓಟಿಜಿಯ ಗಾಜು, ಮೇಲಿನ ತಗಡು ಎರಡೂ ಕಾಯ್ತದೆ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ರೆ ಓಟಿಜಿಯನ್ನ ಕಟ್ಟೆ ಮೇಲೆ, ಗೋಡೆ ಕಡೆಗೆ, ವೈರ್ ಕೆಳಗೆ ಇಳಿಬಿಡದೆ ಇಡಿ. ಹಾಗೆ ಇಡಲಿಕ್ಕೆ ಜಾಗ ಇಲ್ಲದ ಅಡುಗೆಮನೆ ಆದ್ರೆ ಸಣ್ಣದಾದರೂ ಮೈಕ್ರೋವೇವೇ ತಗೊಳ್ಳಿ, ಎರಡು ವರ್ಷ ಆರ್ಡರ್ ಕಡಿಮೆ ಆದ್ರೆ ಎಂತ ಆಗೂದಿಲ್ಲ.

ಮನೆಗೇ ಬಂದು ಒಯ್ಯಲಿ ಅಂತಲಾ, ನಾವು ತಲುಪಿಸೂದಾ?

ಮಕ್ಕಳಿದ್ರೆ ಮನೆಗೇ ಬರಲಿ. ಒಮ್ಮೆ ಕುಮಟಾಕ್ಕೆ ಹೊರಟಿದ್ವಿ, ಅಲ್ಲಿಂದಲೇ ಆರ್ಡರ್ ಇತ್ತು, ಡಬ್ಬಿಯನ್ನ ಮಗಳ ತೊಡೆ ಮೇಲೆ ಇಟ್ಟೆ, ದೊಡ್ಡ ಜವಾಬ್ದಾರಿ ಅಂತ ಅವಳಿಗೂ ಖುಷಿ. ದೇವಿಮನೆ ಘಟ್ಟ ಇಳಿಯುವಾಗ ನಾಲ್ಕನೇ ತಿರುವಿಗೆ ನಿದ್ದೆ ಬಂತು ಅವಳಿಗೆ. ತಿರುವು ತಿರುವಿಗೂ ಕೇಕು ಒಂದೊಂದು ಇಂಚು ಜಾರಿ ಕುಮಟಾ ಮುಟ್ಟುವಾಗ ಡಬ್ಬಿಯ ಗೋಡೆಗೆ ಒರಗಿ ನಿಂತಿತ್ತು, ಅರ್ಧ ದುಡ್ಡು ವಾಪಸ್ ಕೊಟ್ಟೆ. ತಪ್ಪು ನಂದು. ತೊಡೆ ಯಾವತ್ತೂ ಸಮತಟ್ಟು ಇರೂದಿಲ್ಲ, ಸೀಟೂ ಅಷ್ಟೇ, ಕೇಕ್ ಡಬ್ಬಿಗೆ ಕಾರಿನ ನೆಲವೇ ಜಾಗ, ಕೆಳಗೆ ಜಾರದ ರಬ್ಬರ್ ಮ್ಯಾಟು, ಹೊರಡುವ ತನಕ ಕೇಕು ಫ್ರಿಜ್‌ನಲ್ಲಿ ಗಟ್ಟಿಯಾಗಿರಬೇಕು. ಅಕ್ಕನಿಗೆ ಘಟ್ಟ ಇಲ್ಲ, ಅವಳ ತಲೆನೋವು ಬೇರೆ, 2024ರ ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಬಿದ್ದ ಮೇಲೆ ಎರಡೂ ಕಡೆ ಗಾಡಿ ಹೊಸ ಸೇತುವೆ ಮೇಲೇ ಅಂತಾದಾಗ ಹೊಳೆಯ ಆಚೆ ದಡದ ಸದಾಶಿವಗಡದ ಆರ್ಡರಿಗೆಲ್ಲ "ನೀವೇ ಬಂದು ಒಯ್ಯಿರಿ" ಅಂದುಬಿಟ್ಟಳು. ಯಾರೂ ಬಿಟ್ಟು ಹೋಗಲಿಲ್ಲವಂತೆ.

ಇನ್ನು ರಜೆ. ಏಪ್ರಿಲ್ ಎರಡನೇ ವಾರದಿಂದ ಮೇ ಕಡೆ ತನಕ ಇಬ್ಬರೂ ಮನೆಯಲ್ಲೇ, ಶಾಲೆ ಹೊತ್ತು ಅನ್ನೂದೇ ಇಲ್ಲ, ಸೆಕೆಗೆ ಕ್ರೀಮೂ ಮಾತು ಕೇಳೂದಿಲ್ಲ. ಆ ಒಂದೂವರೆ ತಿಂಗಳು ಕ್ರೀಮ್ ಕೇಕು ವಾರಕ್ಕೆ ಎರಡೇ, ಶನಿವಾರ, ಮಕ್ಕಳನ್ನ ಅಪ್ಪನ ಜೊತೆ ತೋಟಕ್ಕೆ ಕಳಿಸಿ. ಉಳಿದ ದಿನ ಡ್ರೈ ಕೇಕು. ಮೇನಲ್ಲಿ ಅಂಕೋಲಾದ ಕರಿ ಈಶಾಡ ಮಾವಿನಹಣ್ಣು ಬಂದ್ರೆ ಅದರ ರಸ ಹಾಕಿ ರವೆ ಕೇಕು ಮಾಡ್ತೇವೆ, ಹಣ್ಣು ಹಿಂಡೂದು ಮಗ, ಮೊಣಕೈ ತನಕ ರಸ. ಮಗ ಈ ಸಲ ಪುಸ್ತಕದಲ್ಲಿ ತನ್ನ ಸಾಲಿಗೆ ಬರೆಸಿದ್ದು: ಅರ್ಧ ಕೇಜಿ, ಪೈನಾಪಲ್, ಮೇಲೆ ತೂತು ಇರಬೇಕು. ಅಡ್ವಾನ್ಸ್ ಬಂದಿದೆ.